ರೋಹಿಣಿ ಮಳೆಯ ಗಾದೆಯೊಳಗೆ ಒಂದು ನೊಣ

‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ.’ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಈ ಗಾದೆ ಗೊತ್ತಿಲ್ಲದ ಹಿರಿಯ ರೈತರು ಸಿಗುವುದು ಕಷ್ಟ. ರೋಹಿಣಿಗೆ ಓಣಿ ಪ್ರಾಸ ಕೂಡಿತು, ಅಷ್ಟೇ ಎನ್ನುವವರೂ ಇದ್ದಾರೆ. ಆದರೆ ಹೊಲಕ್ಕೆ ಇಳಿದು ನೋಡಿದರೆ ಈ ಮಾತಿಗೆ ಗಟ್ಟಿ ಕಾರಣವಿದೆ.

ಮೊದಲು ನಕ್ಷತ್ರದ ಲೆಕ್ಕ. ರೋಹಿಣಿ ಮಳೆಯನ್ನು ರೋಹಿಣಿ ನಕ್ಷತ್ರವೇನೂ ಸುರಿಸುವುದಿಲ್ಲ. ಆಗ ಸೂರ್ಯ ಆ ನಕ್ಷತ್ರದ ನೇರಕ್ಕೆ ಇರುತ್ತಾನೆ, ಅಷ್ಟೇ. 27 ನಕ್ಷತ್ರಗಳನ್ನು ಸುತ್ತಲು ಒಂದು ವರ್ಷ, ಒಂದೊಂದಕ್ಕೆ 13–14 ದಿನ. ಚಂದ್ರನನ್ನು ನಂಬಿದ ತಿಂಗಳುಗಳು ವರ್ಷಕ್ಕೆ 11 ದಿನ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತವೆ. ಬಿತ್ತನೆಗೆ ಅದು ಸಾಲದು. ರೋಹಿಣಿಯಾದರೆ ಪ್ರತಿ ವರ್ಷ ಮೇ 25ರ ಸುಮಾರಿಗೇ ಶುರುವಾಗಿ ಜೂನ್ 8ರ ಹೊತ್ತಿಗೆ ಮೃಗಶಿರಕ್ಕೆ ಜಾಗ ಬಿಡುತ್ತದೆ.

ಈ ಹದಕ್ಕೆ ಬಿತ್ತಿದ ಮುಂಗಾರಿ ಜೋಳ ಸುಳಿ ನೊಣದ ಕೈಯಿಂದ ಪಾರಾಗುತ್ತದೆ. ಮನೆ ನೊಣಕ್ಕಿಂತ ಚಿಕ್ಕದಾದ, ಬೂದು ಬಣ್ಣದ ಈ ನೊಣ ಎಳೆ ಎಲೆಯ ಅಡಿಯಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಹುಳು ಸುಳಿಯೊಳಗೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಸುತ್ತಲ ಎಲೆ ಹಸಿರಾಗಿದ್ದರೂ ನಡುವಿನ ಸುಳಿ ಒಣಗಿ ನಿಂತಿರುತ್ತದೆ. ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಬುಡ ಕೊಳೆತು ನಾರುತ್ತಿರುತ್ತದೆ. ಸಸಿಗೆ ಅಪಾಯ ಮೊದಲ ಒಂದು ತಿಂಗಳು ಮಾತ್ರ. ಬೇಸಿಗೆಯಲ್ಲಿ ಹಸಿರಿಲ್ಲದೆ ಸೊರಗಿದ್ದ ನೊಣದ ಸಂತತಿ ಮಳೆ ಬಿದ್ದ ಮೇಲೆ ಹೆಚ್ಚುತ್ತಾ ಹೋಗಿ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ವಿಪರೀತವಾಗುತ್ತದೆ. ಮೊದಲೇ ಬಿತ್ತಿದ ಬೆಳೆ ಅಷ್ಟರಲ್ಲಿ ಬಲಿತಿರುತ್ತದೆ, ತಡವಾಗಿ ಬಿತ್ತಿದ್ದು ಎಳೆ ಸುಳಿಯಲ್ಲೇ ಸಿಕ್ಕಿಬೀಳುತ್ತದೆ. ಗಾದೆ ಕಟ್ಟಿದವರು ನೊಣದ ಹೆಸರು ಹೇಳದಿದ್ದರೂ ತೆನೆಯ ವ್ಯತ್ಯಾಸವನ್ನು ಕಂಡಿದ್ದರು.

ಎರಿಹೊಲದ ಹಿಂಗಾರಿ ಜೋಳದ ಮಾತು ಬೇರೆ. ಅದರ ಬಿತ್ತನೆ ಉತ್ತರಿ, ಹಸ್ತದ ಮಳೆಗೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಆಮೇಲೆ ಬೆಳೆ ಬದುಕುವುದು ಮಣ್ಣು ಹಿಡಿದಿಟ್ಟ ನೀರಿನ ಮೇಲೆ. ಎರಿಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಬೇರು ಹರಿದು ತುಂಡಾಗುತ್ತದೆ. ‘ಸ್ವಾತಿ ಮಳೆಗೆ ಮುತ್ತಿನಂಥ ಜೋಳ’ ಎನ್ನುವುದು ಇದಕ್ಕೇ. ಅಕ್ಟೋಬರ್ ಕೊನೆಯ ಆ ಮಳೆಯೇ ಎಷ್ಟೋ ಸಲ ಆ ವರ್ಷದ ಕೊನೆಯ ಒಳ್ಳೆಯ ಮಳೆ. ಅದು ನೆಲದಾಳಕ್ಕೆ ಇಳಿದರೆ ಕಾಳು ತುಂಬುವವರೆಗೂ ಹಸಿ ಉಳಿಯುತ್ತದೆ.

ಪಶ್ಚಿಮಕ್ಕೆ ಕಿತ್ತೂರಿನ ಕಡೆ ಹೋದರೆ ಘಟ್ಟ ಹತ್ತಿರವಾಗುತ್ತದೆ, ಮಳೆ ಹೆಚ್ಚುತ್ತದೆ, ರೋಹಿಣಿಗೆ ಕೂರಿಗೆಯಲ್ಲಿ ಬತ್ತ ಬಿತ್ತುವವರು ಸಿಗುತ್ತಾರೆ. ಪೂರ್ವಕ್ಕೆ ರಾಮದುರ್ಗ ಮಳೆನೆರಳಿನ ಸೀಮೆ. ಮಾತು ನೆಲಕ್ಕೆ ಅಂಟಿಕೊಂಡಿರುತ್ತದೆ. ಸಂಜೆಯ ಆಕಾಶ ಕೆಂಪಾದರೆ ಕುರುಬನಿಗೆ ಖುಷಿ ಎಂಬ ಗಾದೆ ಇಂಗ್ಲಿಷರದು. ಅವರ ಮಳೆ ಪಶ್ಚಿಮದಿಂದ ಬರುತ್ತದೆ. ಸಂಜೆ ಪಡುವಣ ಕೆಂಪಾಯಿತೆಂದರೆ ಆ ದಿಕ್ಕು ತಿಳಿಯಾಗಿದೆ, ನಾಳೆ ಮಳೆಯಿಲ್ಲ ಎಂದರ್ಥ. ಹಿಂಗಾರಿನಲ್ಲಿ ನಮ್ಮ ಮೋಡ ಬಂಗಾಳ ಕೊಲ್ಲಿಯ ಕಡೆಯಿಂದ ಬರುವಾಗ ಆ ಗಾದೆ ಇಲ್ಲಿ ನಡೆಯದು.

ಗಾದೆಗೆ ವಯಸ್ಸೂ ಇದೆ. ಭೂಮಿಯ ಅಕ್ಷ ಮೆಲ್ಲಗೆ ಓಲಾಡುವುದರಿಂದ ನಕ್ಷತ್ರಗಳ ಲೆಕ್ಕ ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಸರಿಯುತ್ತದೆ. 700 ವರ್ಷದ ಹಿಂದೆ ರೋಹಿಣಿ ಮೇ ತಿಂಗಳ ನಡುವಿಗೇ ಶುರುವಾಗುತ್ತಿತ್ತು. ಹಾಗಾಗಿ ಇವು ಸಾವಿರಾರು ವರ್ಷದಿಂದ ಬದಲಾಗದೆ ಬಂದ ಮಾತುಗಳು ಎನ್ನುವುದನ್ನು ನಾನು ಒಪ್ಪಲಾರೆ. ತಲೆಮಾರುಗಳು ಹೊಲ ನೋಡಿ ತಿದ್ದುತ್ತಾ ಬಂದಿರಬೇಕು.

ಈಗ ಹವೆಯೇ ಬದಲಾಗುತ್ತಿದೆ, ಬೈಲಹೊಂಗಲದ ಹೊಲಗಳಿಗೆ ಸೋಯಾ ಬಂದಿದೆ. ತಿದ್ದುವ ಕೆಲಸ ನಮ್ಮ ಪಾಲಿಗೂ ಬಂದಿದೆ. ಈ ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳು ಅಂಗಳದಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಟ್ಟು, ಬಿದ್ದ ಮಳೆಯನ್ನು ಅಳೆಪಟ್ಟಿಯಿಂದ ಅಳೆದು, ನಕ್ಷತ್ರದ ಹೆಸರಿನ ಮುಂದೆ ಮಿಲಿಮೀಟರ್ ಬರೆದಿಡಲಿ. ಅದರ ಪಕ್ಕದಲ್ಲೇ ಮನೆಯ ಹಿರಿಯರನ್ನು ಕೇಳಿ ಆ ಮಳೆಯ ಗಾದೆಯನ್ನೂ ಬರೆಯಲಿ.