ವರ್ಷಕ್ಕೆ ನಾಲ್ಕು ಸಲ ಸೌದೆ ಕುಯ್ಯಲು ಯಾವ ಮಿಷನ್ನು?

ನೀಲಗಿರಿ ತೋಪು ಮಾರಿದ ಮೇಲೆ ಕಂಟ್ರಾಕ್ಟರು ನೆಟ್ಟಗಿರುವ ದಿಮ್ಮಿಗಳನ್ನು ಲಾರಿಗೆ ಹೇರಿಕೊಂಡು ಹೋಗುತ್ತಾನೆ. ಸೊಟ್ಟ ತುಂಡು, ಕವಲು, ತುದಿ ನಮ್ಮ ಪಾಲಿಗೆ. ಜಂಗಮಕೋಟೆ ಕಡೆಯ ಹಳ್ಳಿಗಳಲ್ಲಿ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಇಂಥ ಸೌದೆ, ಇಲ್ಲವೇ ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಕಡ್ಡಿಗೆ ಮಚ್ಚು ಸಾಕು. ತೊಡೆ ಗಾತ್ರದ ನೀಲಗಿರಿಗೆ, ಗಾಳಿಗೆ ಮುರಿದು ಬಿದ್ದ ಹುಣಸೆ ಕೊಂಬೆಗೆ ಸಾಲದು. ಕೊಡಲಿ ಹಿಡಿಯುವ ಆಳು ಸಿಗುವುದೇ ಕಷ್ಟ. ಸಿಕ್ಕರೂ ಕೂಲಿ ಕೇಳಿದ ಮೇಲೆ ಗ್ಯಾಸೇ ವಾಸಿ ಅನ್ನಿಸುತ್ತದೆ. ಆಗ ಮನೆಯಲ್ಲಿ ಮಾತು ಏಳುತ್ತದೆ: ‘ಒಂದು ಮರ ಕುಯ್ಯೋ ಮಿಷನ್ನು ತಗೊಂಡ್ರೆ ಹೆಂಗೆ?’

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು ಬೆಲೆಯನ್ನಲ್ಲ, ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಅನ್ನುವುದನ್ನು. ಒಂದು ಮನೆಯ ಹಂಡೆ ಒಲೆಗೆ ಬೇಕಾದ ಸೌದೆಯನ್ನು ಚೂಪಾದ ಚೈನಿರುವ ಸಣ್ಣ ಮಿಷನ್ನು ನಾಲ್ಕೈದು ಬೆಳಗಿನಲ್ಲಿ ತುಂಡು ಮಾಡಿಹಾಕುತ್ತದೆ. ಮಿಕ್ಕ ದಿನವೆಲ್ಲ ಅದು ಅಟ್ಟದ ಮೇಲೆ ಕೂತಿರುತ್ತದೆ. ಹಾಳಾಗುವುದೂ ಅಲ್ಲಿ, ಕೂತಲ್ಲೇ. ದಿನಾ ಮರ ಕುಯ್ಯುವವನ ಮಿಷನ್ನು ಸವೆದು ಸಾಯುತ್ತದೆ. ನಮ್ಮದು ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲಿನಿಂದ ಸಾಯುತ್ತದೆ.

ಅದು ಹೇಗೆ ಅಂದರೆ, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಸ್ಕೂಟರಿನಲ್ಲಿ ದಿನಾ ಸುಟ್ಟುಹೋಗುವುದರಿಂದ ಏನೂ ಆಗುವುದಿಲ್ಲ. ಮೂರು ತಿಂಗಳು ಅಲುಗಾಡದೆ ಕೂತ ಸಣ್ಣ ಟ್ಯಾಂಕಿನಲ್ಲಿ ಮಾತ್ರ ನೀರು ಕೆಳಗಿಳಿಯುತ್ತದೆ, ರಬ್ಬರ್ ಪೈಪು ಮೆತ್ತಗಾಗುತ್ತದೆ, ಕಾರ್ಬುರೇಟರಿನ ಕೂದಲೆಳೆಯಂಥ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಆಮೇಲೆ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆಯೇ ಹೊರತು ಮಿಷನ್ನು ಕೆಮ್ಮುವುದೂ ಇಲ್ಲ.

ಹಾಗಾಗಿ ಸೌದೆಯನ್ನು ಮನೆ ಮುಂದಕ್ಕೆ ತಂದು ಹಾಕಿಕೊಳ್ಳಬಲ್ಲವರಿಗೆ ನನ್ನ ಓಟು ಕರೆಂಟಿನ ಮಿಷನ್ನಿಗೆ. ವೈರು ಚುಚ್ಚಿ ಓಡಿಸುವಂಥದ್ದು, 1800ರಿಂದ 2000 ವಾಟಿನದು, 14 ಇಲ್ಲವೇ 16 ಇಂಚಿನ ಬಾರಿನದು (ಬಾರು ಅಂದರೆ ಚೈನು ಸುತ್ತುವ ಪಟ್ಟಿ). ಪೆಟ್ರೋಲಿಲ್ಲ, ಕಾರ್ಬುರೇಟರಿಲ್ಲ, ಹಗ್ಗ ಎಳೆಯುವುದಿಲ್ಲ. ಒಂದು ವರ್ಷ ಬಿಟ್ಟು ಸ್ವಿಚ್ಚು ಒತ್ತಿದರೂ ತಿರುಗುತ್ತದೆ. ರೇಷ್ಮೆ ಮನೆಯಿರುವವರಿಗೆ ಇನ್ನೊಂದು ಅನುಕೂಲ: ಹುಳ ಹೊಗೆಯನ್ನೂ ಎಣ್ಣೆ ವಾಸನೆಯನ್ನೂ ತಡೆಯುವುದಿಲ್ಲ. ಹುಳ ಸಾಕುವ ಶೆಡ್ಡಿನ ಪಕ್ಕದಲ್ಲಿ ಪೆಟ್ರೋಲ್ ಮಿಷನ್ನು ಅರಚಿಸುವುದು ಬೇಡ. ಯಾವ ಮಿಷನ್ನಾದರೂ ಚೈನಿನಿಂದ ಸಣ್ಣಗೆ ಎಣ್ಣೆ ಚಿಮ್ಮುತ್ತದೆ, ಆದ್ದರಿಂದ ಹಿಪ್ಪುನೇರಳೆ ಸಾಲಿನ ಅಂಚಿನಲ್ಲಿ ನಿಂತು ಕುಯ್ಯಬೇಡಿ.

ಕರೆಂಟಿನ ಮಿಷನ್ನಿಗೆ ಒಂದೇ ಹಠ, ವೈರು ದಪ್ಪಗಿರಬೇಕು. 2000 ವಾಟು ಅಂದರೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಟೇಬಲ್ ಫ್ಯಾನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ವೈರು ಬಿಸಿಯಾಗುತ್ತದೆ, ಆ ತುದಿಯಲ್ಲಿ ವೋಲ್ಟೇಜು ಬೀಳುತ್ತದೆ, ಮೋಟರು ಏದುಸಿರು ಬಿಟ್ಟು ಸುಡುತ್ತದೆ. ಗೀಜರಿಗೆ ಹಾಕುವ ದೊಡ್ಡ ಸಾಕೆಟ್ಟು, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಇರಲಿ, ಉದ್ದ 25 ಮೀಟರಿನ ಒಳಗಿರಲಿ. ಮಳೆ ಬಿದ್ದ ನೆಲದಲ್ಲಿ ಮುಟ್ಟಲೇಬೇಡಿ.

ಮರ ತೋಟದಲ್ಲೇ ಬಿದ್ದಿದೆ, ಅಲ್ಲಿಗೆ ವೈರು ಎಳೆಯಲಾಗದು ಅನ್ನುವವರಿಗೆ ಪೆಟ್ರೋಲೇ ಗತಿ. ಅಂಗಡಿಯಲ್ಲಿ ನಿಮ್ಮ ಕಣ್ಣಿಗೆ ಮೊದಲು ಬೀಳುವುದು 58 ಸಿಸಿ, 22 ಇಂಚು ಬಾರು ಎಂದು ದೊಡ್ಡ ಸ್ಟಿಕರ್ ಅಂಟಿಸಿಕೊಂಡ ಅಗ್ಗದ ಮಿಷನ್ನು. ಅದರ ಪಕ್ಕದಲ್ಲೇ 30–38 ಸಿಸಿಯ ಹೆಸರುವಾಸಿ ಕಂಪನಿಯದು ಎರಡು ಪಟ್ಟೋ ಅದಕ್ಕೂ ಹೆಚ್ಚೋ ಬೆಲೆಗೆ ಕೂತಿರುತ್ತದೆ. ಸ್ಟಿಲ್ (STIHL) ಕಂಪನಿಯ ಎಂಎಸ್ 180 ಅನ್ನುವುದು 31.8 ಸಿಸಿ ಮಾತ್ರ. ‘ದುಡ್ಡೂ ಜಾಸ್ತಿ, ಸಿಸಿನೂ ಕಮ್ಮಿ, ನಾನೇನು ದಡ್ಡನಾ?’ ಎಂದು ನಮ್ಮ ಭಾವಮೈದ ದೊಡ್ಡದನ್ನೇ ತಂದ. ಒಂದು ಅಡಿಗಿಂತ ದಪ್ಪದ ದಿಮ್ಮಿ ಅವನ ಮನೆಗೆ ವರ್ಷಕ್ಕೆ ಒಂದೋ ಎರಡೋ ಬರುತ್ತದೆ, ಅದನ್ನೂ ಎರಡೂ ಕಡೆಯಿಂದ ಕೊಯ್ದರೆ 14 ಇಂಚಿನ ಬಾರು ಸಾಕಾಗುತ್ತಿತ್ತು. 22 ಇಂಚಿನ ಬಾರು ಹಿಡಿದು ಸೊಟ್ಟ ಕವಲು ಕುಯ್ಯುವಾಗ ಮುಂದಿನ ಮೂತಿ ಎಲ್ಲಿ ತಾಗುತ್ತಿದೆ ಅನ್ನುವುದೇ ಕಾಣುವುದಿಲ್ಲ. ಮೂತಿಯ ಮೇಲ್ಭಾಗ ಏನಕ್ಕಾದರೂ ತಗುಲಿದರೆ ಬಾರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ಮುಂದಿನ ಹಿಡಿಯ ಎದುರಿಗೆ ಅಗಲವಾಗಿ ನಿಂತಿರುವ ಚೈನ್ ಬ್ರೇಕು ಇರುವುದು ಅದಕ್ಕೇ. ಅಂಗಡಿಯಲ್ಲೇ ಅದನ್ನು ಮುಂದಕ್ಕೆ ತಳ್ಳಿ ನೋಡಿ. ಟಪ್ ಎಂದು ಹಿಡಿದುಕೊಂಡು ಚೈನು ಕದಲಬಾರದು. ಸಡಿಲವಾಗಿ ಆಡಿದರೆ ಎಷ್ಟು ಅಗ್ಗವಾದರೂ ವಾಪಸ್ ಇಡಿ.

ಭಾವಮೈದನ ಮಿಷನ್ನು ಬಹಳ ದಿನ ಬಾಳಲಿಲ್ಲ. ಅದಕ್ಕೆ ಮಿಷನ್ನನ್ನು ದೂರುವಂತಿಲ್ಲ. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಹಳೆಯ ಲೂನಾದ ಹಾಗೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹೊಯ್ಯಬೇಕು. ಪುಸ್ತಕದಲ್ಲಿ 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದಿದ್ದರೆ 40 ಎಂಎಲ್. ಅವನು ಬೈಕಿನಿಂದ ನೇರ ಬಸಿದು ಹೊಯ್ದ. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ಆಮೇಲೆ ಒಮ್ಮೆ ಕಿರುಗುಟ್ಟಿ ನಿಂತದ್ದು ಮತ್ತೆ ಏಳಲಿಲ್ಲ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಈಗ ಅವರ ಮನೆಯಲ್ಲಿ ಮಿಷನ್ನಿನ ಮಾತೆತ್ತಿದರೆ ಎಲ್ಲರೂ ನಗುತ್ತಾರೆ.

ಕೆಲಸ ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ಮಿಷನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಕಾರ್ಬುರೇಟರು ಒಣಗಿರುತ್ತದೆ. ಬ್ಯಾಟರಿಯ ಪುಟ್ಟ ಮಿಷನ್ನುಗಳೂ ಬಂದಿವೆ, ಅಂಗೈ ಉದ್ದದ ಬಾರಿನವು. ಮಾವಿನ ರೆಂಬೆ ಸವರಲು, ದ್ರಾಕ್ಷಿ ತೋಟದ ಹಳೆಯ ಬುಡ ಕತ್ತರಿಸಲು ಚೆಂದ. ಸೌದೆಗೆ ಅಂದುಕೊಂಡು ಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದರೂ ಕುಯ್ಯುವುದು ಎಂಜಿನ್ನಲ್ಲ, ಚೈನಿನ ಹಲ್ಲು. ಹಳೆಯ ಚೈನುಗಳ ಹಲ್ಲು ಕೈಗರಗಸದ ಹಾಗೆ ಮರವನ್ನು ಗೀರುತ್ತಿತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ಪ್ರಾಂತ್ಯದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಕೊರಡಿನೊಳಗೆ ಒಂದು ದುಂಬಿಯ ಮರಿಹುಳವನ್ನು ನೋಡಿದ. ಅದರ ದವಡೆ ಅತ್ತಿಂದಿತ್ತ, ಎಡಬಲಕ್ಕೆ ಆಡುತ್ತ ಮರವನ್ನು ಚಕ್ಕೆ ಚಕ್ಕೆಯಾಗಿ ಸೀಳುತ್ತಿತ್ತು. ಅದೇ ಆಕಾರದ ಉಕ್ಕಿನ ಹಲ್ಲು ಮಾಡಿ 1947ರಲ್ಲಿ ಮಾರಲು ಶುರುಮಾಡಿದ. ಇಂದಿಗೂ ನಿಮ್ಮ ಮಿಷನ್ನಿನಲ್ಲಿರುವುದು ಅದರ ಸಂತತಿಯೇ: ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಶಿಡ್ಲಘಟ್ಟದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ ಎಲೆಯಂಚನ್ನು ಎರಡು ಕಡೆಯಿಂದ ಕಚ್ಚಿ ಕಚ್ಚಿ ಇಳಿಯುವುದನ್ನು ದಿನಾ ನೋಡುವವರು ನಾವು.

ಹಲ್ಲು ಚೂಪಾಗಿದೆಯೇ ಇಲ್ಲವೇ ಅನ್ನುವುದಕ್ಕೆ ನೆಲ ನೋಡಿದರೆ ಸಾಕು. ಮರದ ಪುಡಿಯು ಅವಲಕ್ಕಿಯ ಹಾಗೆ ಚಕ್ಕೆ ಚಕ್ಕೆಯಾಗಿ ಬಿದ್ದರೆ ಸರಿಯಿದೆ. ರಾಗಿಹಿಟ್ಟಿನ ಹಾಗೆ ನುಣ್ಣಗೆ ಬಿದ್ದರೆ ಮೊಂಡಾಗಿದೆ, ನೀವು ಮಿಷನ್ನನ್ನು ಒತ್ತುತ್ತಿದ್ದೀರಿ, ಮಿಷನ್ನು ಮರವನ್ನು ಉಜ್ಜುತ್ತಿದೆ. ನಮ್ಮ ಕಡೆ ಹಲ್ಲು ಬೇಗ ಹೋಗುವುದು ಮರದ ಗಟ್ಟಿತನಕ್ಕಿಂತ ಹೆಚ್ಚಾಗಿ ಮಣ್ಣಿಗೆ. ಹೊಲದಲ್ಲಿ ಎಳೆದಾಡಿದ ದಿಮ್ಮಿಯ ತೊಗಟೆಯಲ್ಲಿ ಕೆಮ್ಮಣ್ಣು, ಮರಳು ಕಚ್ಚಿಕೊಂಡಿರುತ್ತದೆ. ಪೊರಕೆಯಿಂದ ಒಮ್ಮೆ ಗುಡಿಸಿ, ಅಡಿಗೆ ಎರಡು ಕೊರಡು ಕೊಟ್ಟು ನೆಲದಿಂದ ಎತ್ತಿ ಕುಯ್ಯಿರಿ. ಚೈನು ಒಮ್ಮೆ ನೆಲ ಮುಟ್ಟಿತೋ, ಬೆಳಗಿನ ಕೆಲಸ ಅಲ್ಲಿಗೆ ಮುಗಿಯಿತು. ರಸ್ತೆ ಬದಿಯ ಹೊಂಗೆಯಲ್ಲಿ ಬೋರ್ಡು ಹೊಡೆದ ಮೊಳೆ ಒಳಗೇ ಹೂತಿರಬಹುದು, ನೋಡಿಕೊಳ್ಳಿ.

ಹಲ್ಲು ಸಾಣೆ ಹಿಡಿಸಲು ಅಂಗಡಿಗೆ ಓಡಬೇಕಿಲ್ಲ. ಗುಂಡು ಅರ ಒಂದಿದ್ದರೆ ಆಯಿತು. ಸಣ್ಣ ಮಿಷನ್ನುಗಳ ಮುಕ್ಕಾಲು ಪಾಲು ಚೈನುಗಳು 3/8 ಲೋ ಪ್ರೊಫೈಲ್ ಅನ್ನುವ ಅಳತೆಯವು. ಅದಕ್ಕೆ 4 ಎಂಎಂ ಅರ. ಪಾಯಿಂಟ್ 325 ಅನ್ನುವ ಚೈನಿಗೆ 4.8 ಎಂಎಂ. ಕೈಗವಸು ಹಾಕಿಕೊಂಡು, ಬಾರನ್ನು ಅಲುಗಾಡದಂತೆ ಬಿಗಿದು, ಹಲ್ಲಿನ ಮೇಲೆ ಗೀಚಿರುವ ಓರೆಗೆರೆಯ ಉದ್ದಕ್ಕೆ ಒಳಗಿನಿಂದ ಹೊರಕ್ಕೆ ಮೂರೇ ಸಲ ತಳ್ಳಿ. ವಾಪಸ್ ಎಳೆಯುವಾಗ ಅರ ಎತ್ತಿಕೊಳ್ಳಿ. ಒಂದು ಕಡೆಯ ಹಲ್ಲು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಬನ್ನಿ. ಎರಡೂ ಕಡೆ ಅಷ್ಟಷ್ಟೇ ತಳ್ಳಿ. ಹೆಚ್ಚುಕಮ್ಮಿ ಆದರೆ ಮಿಷನ್ನು ಬಾಳೆಹಣ್ಣಿನ ಹಾಗೆ ಬಾಗಿ ಕುಯ್ಯುತ್ತದೆ. ಚೈನಿಗೆ ಹಾಕುವ ಎಣ್ಣೆ ಬೇರೆ, ಪೆಟ್ರೋಲಿಗೆ ಬೆರೆಸುವುದು ಬೇರೆ. ಗ್ಯಾರೇಜಿನ ಸುಟ್ಟೆಣ್ಣೆ ಬಿಟ್ಟಿ ಸಿಗುತ್ತದೆ ಎಂದು ಹೊಯ್ಯುವವರಿದ್ದಾರೆ. ಅದರೊಳಗಿನ ಲೋಹದ ಪುಡಿ ಎಣ್ಣೆ ಪಂಪನ್ನೇ ತಿನ್ನುತ್ತದೆ.

ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲ್ಲು ಬೇಡ. ದಪ್ಪ ಪ್ಯಾಂಟು, ಶೂ, ಕಣ್ಣಿಗೆ ಕನ್ನಡಕ, ಪೆಟ್ರೋಲಿನದಾದರೆ ಕಿವಿಗೂ ಏನಾದರೂ. ಭುಜಕ್ಕಿಂತ ಮೇಲೆತ್ತಿ ಕುಯ್ಯಬೇಡಿ, ಏಣಿ ಹತ್ತಿ ಅಂತೂ ಬೇಡವೇ ಬೇಡ. ನಿಂತ ಮರ ಬೀಳಿಸುವುದು ಬೇರೆಯೇ ಕಸುಬು. ಅದಕ್ಕೆ ಕಸುಬಿನವರನ್ನೇ ಕರೆಯಿರಿ.

ನಿಂತ ಮರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಹೊಂಗೆ, ಹುಣಸೆ, ಬೇವು ಅಂದಾಗ ಮೊದಲು ಕೇಳಿಕೊಂಡು ಬನ್ನಿ. ನೀಲಗಿರಿಯನ್ನು ಹೊಸದಾಗಿ ನೆಡುವುದಕ್ಕೆ 2017ರಲ್ಲೇ ಸರ್ಕಾರ ತಡೆ ಹಾಕಿತು. ಆದರೆ ಟಿಪ್ಪು ಕಾಲದಲ್ಲಿ ನಮ್ಮ ಕಡೆಯ ನಂದಿ ಬೆಟ್ಟದಲ್ಲಿ ಮೊದಲು ನೆಟ್ಟರು ಎನ್ನುವ ಈ ಮರ ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಹಾಗಾಗಿ ನಮ್ಮ ಕಾಲಕ್ಕೆ ಸೌದೆಯೇನೂ ಮುಗಿಯುವುದಿಲ್ಲ.

ಲೆಕ್ಕ ಹಾಕಿದ ಮೇಲೆ ವರ್ಷಕ್ಕೆ ಒಂದೇ ಬೆಳಗಿನ ಕೆಲಸ ಅನ್ನಿಸಿದರೆ ಕೊಳ್ಳಲೇಬೇಡಿ. ಮಿಷನ್ನು ತಂದು ಗಂಟೆ ಲೆಕ್ಕದಲ್ಲಿ ಕುಯ್ದುಕೊಟ್ಟು ಹೋಗುವವರನ್ನು ಹುಡುಕಿ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಒಂದು ಮಾತು ಕೇಳಿ.

ಕೊಳ್ಳುವುದೇ ಆದರೆ ಶಿಡ್ಲಘಟ್ಟವೋ ಚಿಂತಾಮಣಿಯೋ ವಿಜಯಪುರವೋ, ಆನ್‌ಲೈನಿಗಿಂತ ನಿಮಗೆ ಬಸ್ಸು ಸಿಗುವ ಊರಿನ ಅಂಗಡಿಗೆ ಹೋಗಿ. ಮಿಷನ್ನು ಕೇಳುವ ಮೊದಲು ಅದರ ಚೈನು ಕೇಳಿ. ಬಾರಿನ ಬುಡದಲ್ಲಿ ಪಿಚ್ಚು, ಗೇಜು, ಕೊಂಡಿಗಳ ಲೆಕ್ಕ ಕೆತ್ತಿರುತ್ತದೆ. ಆ ಮೂರೂ ಹೊಂದುವ ಚೈನು ಮಾತ್ರ ಕೂರುತ್ತದೆ. ಅಂಗಡಿಯವನು ‘ಅದು ಬೆಂಗಳೂರಿಂದ ತರಿಸಿಕೊಡ್ತೀನಿ ಸಾರ್’ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ. ಮಾತಾಡುತ್ತಲೇ ಹಿಂದಿನ ಕಪಾಟಿನಿಂದ ಎರಡು ಚೈನು, ಒಂದು ಗುಂಡು ಅರ ತೆಗೆದು ಗಾಜಿನ ಮೇಲಿಟ್ಟರೆ ಚೌಕಾಸಿ ಶುರುಮಾಡಿ.