ಭೂಗತ ಲೋಕದ ಕವಿಸಮಯ

ಚಕೋರ ಪಕ್ಷಿ ಬೆಳದಿಂಗಳನ್ನು ಕುಡಿದು ಬದುಕುತ್ತದೆಂದು ನಮ್ಮ ಹಳೆಯ ಕವಿಗಳು ಬರೆದರು; ಸಹೃದಯರು ಒಪ್ಪಿದರು. ಅದು ನಿಜವೆಂದು ನಂಬಿ ಒಪ್ಪಿದ್ದಲ್ಲ. ಬರೆಯುವವನಿಗೂ ಓದುವವನಿಗೂ ನಡುವೆ ಅಂಥದೊಂದು ಒಡಂಬಡಿಕೆಯಿತ್ತು. ಅದಕ್ಕೆ ಕವಿಸಮಯವೆಂದು ಹೆಸರು. ರೌಡಿಗಳ ಕತೆ ಹೇಳುವ ಚಲನಚಿತ್ರಗಳನ್ನು ವಿದ್ಯಾವಂತರು ‘ಎಲ್ಲವೂ ಒಂದೇ’ ಎಂದು ತಳ್ಳಿಹಾಕುವುದನ್ನು ಕೇಳಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಎಲ್ಲವೂ ಒಂದೇ ಎಂಬುದೇನೋ ದಿಟ. ಆದರೆ ಅದನ್ನೇ ದೋಷವೆಂದು ಎಣಿಸುವುದಾದರೆ ನಮ್ಮ ಬಳ್ಳಾರಿ ಸೀಮೆಯ ದೊಡ್ಡಾಟವನ್ನೂ ಬದಿಗಿಡಬೇಕಾದೀತು. ಅಲ್ಲಿ ಸಾರಥಿ ಬರುತ್ತಾನೆ, ಪಾತ್ರವನ್ನು ಮಾತಾಡಿಸುತ್ತಾನೆ, ಪಾತ್ರ ತನ್ನ ಬಿರುದುಬಾವಲಿಗಳನ್ನು ತಾನೇ ಸಾರಿಕೊಳ್ಳುತ್ತದೆ. ಬೆಳಗಿನವರೆಗೆ ಚಾಪೆಯ ಮೇಲೆ ಕುಳಿತವರಿಗೆ ಕತೆ ಮೊದಲೇ ಗೊತ್ತು. ಮುಂದೇನಾಯಿತೆಂಬ ಕುತೂಹಲ ಅವರಿಗಿಲ್ಲ. ರಾಕ್ಷಸ ವೇಷ ಈ ಸಲ ಹೇಗೆ ಪ್ರವೇಶಿಸೀತು ಎಂಬುದಕ್ಕೆ ಅವರು ಕಾಯುತ್ತಾರೆ.

ಈ ಬಗೆಯ ಚಿತ್ರಗಳಿಗೆ ಖಚಿತ ರೂಪ ಬಂದದ್ದು ಅಮೆರಿಕದಲ್ಲಿ. 1931ರಲ್ಲಿ ‘ಲಿಟ್ಲ್ ಸೀಸರ್’ ಮತ್ತು ‘ದಿ ಪಬ್ಲಿಕ್ ಎನಿಮಿ’, 1932ರಲ್ಲಿ ‘ಸ್ಕಾರ್‌ಫೇಸ್’ ತೆರೆಗೆ ಬಂದವು. ಪಾನನಿಷೇಧ ಕಳ್ಳಸಾಗಣೆಗಾರರನ್ನು ಸಾಹುಕಾರರನ್ನಾಗಿ ಮಾಡಿದ್ದ ಕಾಲ. ಆರ್ಥಿಕ ಕುಸಿತ ಪ್ರಾಮಾಣಿಕರನ್ನು ಬೀದಿಗೆ ತಂದಿದ್ದ ಕಾಲ. ಬಡವನ ಮಗನೊಬ್ಬ ಮೇಲೇರುತ್ತಾನೆ, ಒಳ್ಳೆಯ ಬಟ್ಟೆ ತೊಡುತ್ತಾನೆ, ಗೆಳೆಯನನ್ನು ಕಳೆದುಕೊಳ್ಳುತ್ತಾನೆ, ಕೊನೆಗೆ ಗುಂಡಿಗೆ ಬಲಿಯಾಗುತ್ತಾನೆ. ಆ ಸಾವನ್ನು ಸೆನ್ಸಾರಿನವರು ನೀತಿಗಾಗಿ ಬೇಡುತ್ತಿದ್ದರು; ಪ್ರೇಕ್ಷಕರಿಗೂ ಅದು ಬೇಕಾಗಿತ್ತು, ಆದರೆ ಕಾರಣ ಬೇರೆ. ರಾಬರ್ಟ್ ವಾರ್‌ಶೋ ಎಂಬ ವಿಮರ್ಶಕ 1948ರ ತನ್ನ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ಹಿಡಿದಿದ್ದಾನೆ. ಅವನು ಇಂಥ ನಾಯಕನನ್ನು ದುರಂತ ನಾಯಕನೆಂದೇ ಕರೆದ. ಗೆಲ್ಲಲೇಬೇಕೆಂದು ಎಲ್ಲರನ್ನೂ ಅಟ್ಟುವ ಸಮಾಜದಲ್ಲಿ ಗೆದ್ದವನು ಒಂಟಿಯಾಗುತ್ತಾನೆ, ಒಂಟಿಯಾದವನು ಸಾಯುತ್ತಾನೆ. ಪ್ರೇಕ್ಷಕ ಅವನೊಡನೆ ಗೆದ್ದು, ಅವನು ಸತ್ತಾಗ ತಾನು ಬದುಕುಳಿದೆನೆಂಬ ಸಮಾಧಾನದಿಂದ ಮನೆಗೆ ಹೋಗುತ್ತಾನೆ.

ರನ್ನನ ದುರ್ಯೋಧನನನ್ನು ಓದಿದವರಿಗೆ ಇದು ಹೊಸದಾಗಿ ಕಾಣಲಾರದು. ಕೆಟ್ಟವನ ಪತನದಲ್ಲಿ ಒಂದು ಘನತೆಯನ್ನು ಕಾಣುವ ಕಣ್ಣು ಕನ್ನಡಕ್ಕೆ ಸಾವಿರ ವರ್ಷಗಳಿಂದ ಇದೆ. ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ಗುರುತಿಸಿ ಬಿ.ಎಂ.ಶ್ರೀಯವರು ಬರೆದದ್ದೂ ಇದೇ ಕಣ್ಣಿನಿಂದ.

ಆದರೂ ಕನ್ನಡದ ರೌಡಿ ಚಿತ್ರ ಅಮೆರಿಕದ ನಕಲಲ್ಲ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಚಿತ್ರದಿಂದ ಅದಕ್ಕೆ ಸ್ವಂತ ಲಕ್ಷಣಗಳು ಕೂಡಿಬಂದವು. ಪುರೋಹಿತರ ಮಗ ಸತ್ಯ ರೌಡಿಯಾಗುವ ಕತೆ ಅದು, ನಾಯಕ ಶಿವರಾಜ್‌ಕುಮಾರ್. ಬೆಂಗಳೂರಿನ ನಿಜವಾದ ರೌಡಿಗಳೂ ಅದರಲ್ಲಿ ಕಾಣಿಸಿಕೊಂಡರು. ವರ್ಷಗಳವರೆಗೆ ಅದು ಮತ್ತೆ ಮತ್ತೆ ಬಿಡುಗಡೆಯಾಗುತ್ತಲೇ ಇತ್ತು. ಮುಂದೆ ಬಂದ ಚಿತ್ರಗಳಿಗೆ ಜನ ‘ಮಚ್ಚು ಲಾಂಗಿನ ಚಿತ್ರ’ಗಳೆಂದು ತಾವೇ ಹೆಸರಿಟ್ಟರು. ಆ ಹೆಸರು ಬಹಳ ಸಮರ್ಪಕವಾದದ್ದು. ಪಿಸ್ತೂಲು ದೂರದಿಂದ ಕೊಲ್ಲುತ್ತದೆ. ಅದು ಪೇಟೆಯ ಆಯುಧ. ಮಚ್ಚು ಎಳನೀರು ಕೊಚ್ಚುವ, ಸೌದೆ ಸೀಳುವ ಸಲಕರಣೆ. ಹಳ್ಳಿಯ ಪ್ರತಿ ಮನೆಯ ಮೂಲೆಯಲ್ಲೂ ಇರುವಂಥದು. ಅದನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಬೆಂಗಳೂರಿನ ಮಾರುಕಟ್ಟೆಯಲ್ಲಿ ನಿಂತವನು, ಎಷ್ಟೇ ದೊಡ್ಡ ದಾದಾ ಆದರೂ, ಊರಿನಿಂದ ಬಂದವನೇ. ಹೊಸಪೇಟೆಯ ಚಿತ್ರಮಂದಿರದಲ್ಲಿ ಅವನು ಮಚ್ಚು ಹಿರಿದಾಗ ಶಿಳ್ಳೆ ಹಾಕುವವರೂ ಹೆಚ್ಚಿನ ಪಾಲು ಊರು ಬಿಟ್ಟು ಬಂದವರೇ.

ಇನ್ನೊಂದು ಲಕ್ಷಣ ತಾಯಿ. ಪ್ರೇಮ್ ಅವರ ‘ಜೋಗಿ’ (2005) ಚಿತ್ರದಲ್ಲಿ ಮಗನನ್ನು ಹುಡುಕುತ್ತ ತಾಯಿ ಬೆಂಗಳೂರಿಗೆ ಬರುತ್ತಾಳೆ. ಇಬ್ಬರೂ ಒಂದೇ ಊರಿನಲ್ಲಿ ಅಲೆದರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಕೊನೆಗೆ ಒಂದು ಶವಯಾತ್ರೆಯ ಮುಂದೆ ಅವನು ಕುಣಿಯುತ್ತಾನೆ. ಅದು ತನ್ನ ತಾಯಿಯದೆಂದು ಅವನಿಗೆ ತಿಳಿಯದು, ನೋಡುವ ನಮಗೆ ತಿಳಿದಿರುತ್ತದೆ. ಅಮೆರಿಕದ ಚಿತ್ರಗಳಲ್ಲಿ ನಾಯಕನ ಶರೀರಕ್ಕೆ ಆಗುವ ಶಿಕ್ಷೆ ಇಲ್ಲಿ ತಾಯಿಯ ಮೂಲಕ ಆಗುತ್ತದೆ. ನಾಟಕಶಾಸ್ತ್ರ ಬಲ್ಲವರು ಇದನ್ನು ಅತಿರಂಜಿತವೆಂದಾರು. ನಾನು ಆ ಮಾತನ್ನು ಒಪ್ಪಲಾರೆ. ಕನ್ನಡ ಜನಪ್ರಿಯ ಚಿತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ನಾಟಕೀಯ ವ್ಯಂಗ್ಯವನ್ನು ನಾನು ಕಂಡಿಲ್ಲ. ಎರಡು ವರ್ಷಗಳ ಬಳಿಕ ಸೂರಿಯವರ ‘ದುನಿಯಾ’ ಕಲ್ಲುಕ್ವಾರಿಯ ಕೂಲಿಯೊಬ್ಬನನ್ನು ಇದೇ ಪೇಟೆಗೆ ತಂದಿತು.

ಅದೇ 2007ರಲ್ಲಿ ಬಂದ ‘ಆ ದಿನಗಳು’ ಒಡಂಬಡಿಕೆಯನ್ನೇ ಸಡಿಲಿಸಿದ ಚಿತ್ರ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆತ್ಮಕಥನ ಅದರ ಆಧಾರ, ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈಯೂ ಇತ್ತು, ನಿರ್ದೇಶನ ಕೆ.ಎಂ.ಚೈತನ್ಯ ಅವರದು. ಜಯರಾಜ್, ಕೋತ್ವಾಲ್ ರಾಮಚಂದ್ರ ಎಂಬ ನಿಜವಾದ ಹೆಸರುಗಳೇ ಅದರಲ್ಲಿವೆ. ಅಲ್ಲಿ ಕೊಲೆಗೆ ಮುಂಚಿನ ಕಾಯುವಿಕೆ, ಭಯ, ಹಿಂಜರಿಕೆ ದೀರ್ಘವಾಗಿ ಬರುತ್ತವೆ. ಅದನ್ನು ನೋಡುವಾಗ ಶಿಳ್ಳೆ ಹಾಕಲು ಯಾರಿಗೂ ಬಾಯಿ ಬಾರದು.

ಈಗ ನಾನಿರುವ ದೋಣಿಮಲೈಯ ಮಾತಿಗೆ ಬರುತ್ತೇನೆ. ಸಂಡೂರು ತಾಲ್ಲೂಕಿನ ಈ ಬೆಟ್ಟದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ 1977ರಲ್ಲಿ ಆರಂಭವಾಯಿತು. ಪಾಳಿಯ ಮೇಲೆ ದುಡಿಯುವ ಜನರ ಊರು ಇದು. 2018ರಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಬಂದಾಗ ಇಲ್ಲಿಯ ತರುಣರು ಅದನ್ನು ತಮ್ಮದೇ ಎಂಬಂತೆ ಕಂಡರು. ಶ್ರೀಮಂತನಾಗಿಯೇ ಸಾಯುವೆನೆಂದು ತಾಯಿಗೆ ಮಾತು ಕೊಟ್ಟ ಮಗ, ಗಣಿಯಲ್ಲಿ ಗುಲಾಮರಂತೆ ದುಡಿಯುವ ಜನ, ಅವರ ನಡುವೆ ಹೊಕ್ಕು ಒಡೆಯನನ್ನು ಕೊಲ್ಲುವ ನಾಯಕ. ತಾಯಿಯೂ ಉಂಟು, ಏರಿಕೆಯೂ ಉಂಟು. 2022ರ ಎರಡನೆಯ ಭಾಗದಲ್ಲಿ ಚಿನ್ನದೊಡನೆ ಕಡಲಲ್ಲಿ ಮುಳುಗುವ ಪತನವೂ ಉಂಟು. ಕವಿಸಮಯವೆಲ್ಲ ಚಾಚೂ ತಪ್ಪದೆ ಪಾಲನೆಯಾಗಿದೆ. ಆದರೆ ಅಲ್ಲಿ ಗಣಿಯ ಜನ ತಮ್ಮನ್ನು ಬಿಡಿಸುವವನಿಗಾಗಿ ಕಾಯುತ್ತಾರೆ. ನಿಜವಾದ ಕೋಲಾರದ ಕಾರ್ಮಿಕರು ಹಾಗೆ ಕಾಯಲಿಲ್ಲ. ಬೆರಳಚ್ಚು ಪಡೆಯುವ ಕ್ರಮವನ್ನು ಪ್ರತಿಭಟಿಸಿ ಅವರು 1930ರಲ್ಲೇ ಮುಷ್ಕರ ಹೂಡಿದ್ದರು. ಈ ಪ್ರಕಾರದಲ್ಲಿ ಸಂಘಕ್ಕೆ ಜಾಗವಿಲ್ಲ. ಒಬ್ಬನೇ ಏರಬೇಕು, ಒಬ್ಬನೇ ಬೀಳಬೇಕು.

ಅಪರಾಧಕ್ಕೂ ಅಲ್ಲಿ ಒಂದೇ ಮುಖ. ನಮ್ಮ ಜಿಲ್ಲೆಯಲ್ಲಿ ನಡೆದ ಅಕ್ರಮ ಗಣಿಗಾರಿಕೆಯನ್ನು ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿ ಪುಟಪುಟವಾಗಿ ಬಿಡಿಸಿಟ್ಟಿತು. ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಜಪ್ತಿ ಮಾಡಿದ ಅದಿರು ಬೇಲೆಕೇರಿ ಬಂದರಿನಿಂದ ಕಾಣೆಯಾಗಿತ್ತು. ಅಲ್ಲಿ ಹೊಳೆಯುವ ಮಚ್ಚಿರಲಿಲ್ಲ. ಪರವಾನಗಿಯ ಕಾಗದ, ತೂಕದ ಚೀಟಿ, ಮಿತಿಮೀರಿ ಹೇರಿದ ಲಾರಿ, ಕೆಂಪು ಧೂಳು ಇದ್ದವು. ತೂಕದ ಚೀಟಿಗೆ ಶಿಳ್ಳೆ ಹಾಕುವ ಪ್ರೇಕ್ಷಕನನ್ನು ನಾನು ಕಂಡಿಲ್ಲ. ಹಾಗೆಂದು ಮಚ್ಚಿಗೆ ಶಿಳ್ಳೆ ಹಾಕುವವನನ್ನು ಮೂರ್ಖನೆನ್ನುವ ಧೈರ್ಯವೂ ನನಗಿಲ್ಲ. ಆ ಧೂಳನ್ನು ಉಸಿರಾಡಿದವರಲ್ಲಿ ಅವನೂ ಒಬ್ಬ; ತನ್ನ ಶತ್ರುವಿಗೆ ಒಂದು ಮುಖವಿದ್ದಿದ್ದರೆ ಹೇಗಿರುತ್ತಿತ್ತೆಂಬುದನ್ನು ಎರಡೂವರೆ ಗಂಟೆ ನೋಡಿ, ರಾತ್ರಿ ಪಾಳಿಗೆ ಹೊತ್ತಾಯಿತೆಂದು ಬಸ್ಸು ಹಿಡಿಯುತ್ತಾನೆ.