ರಕ್ತನಾಳಗಳ ದುರಸ್ತಿಯೂ ತಂಬಾಕಿನ ಹೊಗೆಯೂ

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯಲ್ಲಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ಕೆರೆಯೇರಿಯಲ್ಲಾಗಲಿ ಸಣ್ಣ ಬಿರುಕನ್ನು ನೀರುಗಂಟಿಯು ಒಡನೆಯೇ ಮುಚ್ಚದಿದ್ದರೆ ಒದಗುವ ಹಾನಿಯನ್ನು ಗ್ರಾಮದ ಮುಖಂಡರು ಬಲ್ಲರು. ರಕ್ತನಾಳಗಳ ಒಳಪೊರೆಗೂ ಇಂಥ ಕಾವಲುಂಟು. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ರಕ್ತದೊಡನೆ ಸಂಚರಿಸಿ, ಪೊರೆಯು ಸವೆದೆಡೆಯನ್ನು ಸೇರುವ ಜೀವಕಣಗಳನ್ನು 1997ರಲ್ಲಿ ಅಸಹಾರಾ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ವರ್ಣಿಸಿದರು. ಇವುಗಳಲ್ಲಿ ಹಲವು ತಾವೇ ಪೊರೆಯಾಗದೆ, ರಸಗಳನ್ನು ಸ್ರವಿಸಿ ನೆರೆಯ ಕಣಗಳನ್ನು ಬೆಳೆಯಿಸುವುವೆಂದು ಅನಂತರ ತಿಳಿದುಬಂದಿತು.

ಆಹಾರವು ದೇಹದಲ್ಲಿ ಶಕ್ತಿಯಾಗುವಾಗ ಆಮ್ಲಜನಕದ ಕೆಲವಂಶವು ಉಗ್ರರೂಪವನ್ನು ತಾಳುವುದು. ಮಿತವಾಗಿದ್ದರೆ ದೇಹವೇ ಅದನ್ನು ಅಡಗಿಸುವುದು. ತಂಬಾಕಿನ ಹೊಗೆಯಿಂದಲೂ ಸಿಹಿಮೂತ್ರರೋಗದಿಂದಲೂ ಅದು ಮಿತಿಮೀರಿದಲ್ಲಿ ದುರಸ್ತಿಯ ಕಣಗಳು ಅಕಾಲದಲ್ಲಿ ಮುಪ್ಪಡರಿ ವೃದ್ಧಿಯಾಗಲಾರವು. ಅವನ್ನು ಮಜ್ಜೆಯಿಂದ ಹೊರಡಿಸಲು ಬೇಕಾದ ನೈಟ್ರಿಕ್ ಆಕ್ಸೈಡೂ ಕ್ಷೀಣಿಸುವುದು. ಆದರೆ ಧೂಮಪಾನವನ್ನು ಬಿಟ್ಟ ಕೆಲವೇ ವಾರಗಳಲ್ಲಿ ಈ ಕಣಗಳ ಸಂಖ್ಯೆಯು ಏರಿತೆಂದು ಜಪಾನಿನ ವೈದ್ಯರು 2004ರಲ್ಲಿ ಪ್ರಕಟಿಸಿದರು.

ರಾಗಿಯ ಹೊಟ್ಟಿನಲ್ಲಿ ಉಗ್ರ ಆಮ್ಲಜನಕವನ್ನು ತಣಿಸುವ ಪಾಲಿಫಿನಾಲುಗಳು ಹೇರಳವಾಗಿವೆ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಯದಿರುವುದು ಮೇಲು. ಹಾಗೆಂದು ಮುದ್ದೆಯುಂಡು ಬೀಡಿಯ ಕೇಡನ್ನು ಕಳೆಯಬಹುದೆಂದು ಭಾವಿಸತಕ್ಕದ್ದಲ್ಲ. ನಡೆದರೆ ಮೀನಖಂಡ ನೊಂದು ನಿಂತರೆ ಶಮನವಾಗುವವರನ್ನೂ, ಕಾಲಿನ ಹುಣ್ಣು ಮಾಯದವರನ್ನೂ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸತಕ್ಕದ್ದು.